ದೇಶದ ಸರಾಸರಿ, ಊರಿನ ಪಾಡು: ಭಾರತ–ಬಾಂಗ್ಲಾದೇಶಗಳ ರಫ್ತು ವೈವಿಧ್ಯ



ಕೊಯಮತ್ತೂರು ಸೀಮೆಯ ಎಷ್ಟೋ ನೇಕಾರ ದೇವಾಂಗರ ಮನೆಗಳಲ್ಲಿ ಕನ್ನಡವೂ ಮಗ್ಗವೂ ಜೊತೆಯಾಗಿ ಬಾಳಿವೆ. ಹಾಗಾಗಿ ಭಾರತ, ಬಾಂಗ್ಲಾದೇಶ ಈ ಎರಡು ದೇಶಗಳ ರಫ್ತಿನ ಕತೆಯನ್ನು ಬಟ್ಟೆಯ ದಾರಿಯಲ್ಲೇ ಹೇಳುತ್ತೇನೆ.

ಅಳತೆ

ರಫ್ತು ಎಷ್ಟು ಸರಕುಗಳಲ್ಲಿ ಹರಡಿದೆ ಎಂದು ತಿಳಿಯಲು ಹರ್ಫಿಂಡಾಲ್–ಹರ್ಷ್‌ಮನ್ ಸೂಚ್ಯಂಕವಿದೆ. ಒಂದೊಂದು ಸರಕಿನ ಪಾಲನ್ನೂ ವರ್ಗ ಮಾಡಿ ಎಲ್ಲವನ್ನೂ ಕೂಡಬೇಕು. ಹತ್ತು ಸರಕುಗಳಿಗೆ ಸಮಪಾಲಿದ್ದರೆ ಉತ್ತರ 0.10, ಒಂದೇ ಸರಕಿದ್ದರೆ 1. ಸಿದ್ಧ ಉಡುಪನ್ನೆಲ್ಲ ಒಂದೇ ಸರಕೆಂದು ಎಣಿಸಿದರೆ ಒಂದು ಉತ್ತರ, ಅಂಗಿ, ಪ್ಯಾಂಟು, ಬನಿಯನ್ ಎಂದು ಬಿಡಿಸಿದರೆ ಬೇರೆ ಉತ್ತರ ಬರುತ್ತದೆ. ಎರಡು ದೇಶಗಳನ್ನು ಹೋಲಿಸುವವರು ಒಂದೇ ವಿಂಗಡಣೆ ಹಿಡಿಯಬೇಕು.

ಎರಡು ದಾರಿ

ಬಾಂಗ್ಲಾದೇಶ ಹುಟ್ಟಿದಾಗ ಅದರ ರಫ್ತಿನ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಸೆಣಬು. ಅದೊಂದೇ ಸೂಚ್ಯಂಕಕ್ಕೆ ಸುಮಾರು 0.81 ಸೇರಿಸುತ್ತಿತ್ತು. 1978ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್ ದಕ್ಷಿಣ ಕೊರಿಯಾದ ದೇವೂ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಸುಮಾರು 130 ಜನರನ್ನು ತರಬೇತಿಗೆ ಕಳಿಸಿತು. ಕಲಿತು ಬಂದವರಲ್ಲಿ ಅನೇಕರು ಮುಂದೆ ತಮ್ಮದೇ ಕಾರ್ಖಾನೆ ತೆರೆದರು. ಕೊರಿಯಾದಂಥ ದೇಶಗಳ ಉಡುಪಿಗೆ ಕೊಳ್ಳುವ ದೇಶಗಳಲ್ಲಿ ಕೋಟಾ ಮಿತಿ ಬಿದ್ದಿದ್ದ ಕಾಲವದು. ಹಾಗಾಗಿ ಆರ್ಡರುಗಳು ಢಾಕಾಕ್ಕೆ ಹರಿದವು. ಇಂದು ಆ ದೇಶದ ರಫ್ತಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಉಡುಪು. ಅದರ ವರ್ಗವೇ 0.64ಕ್ಕೂ ಹೆಚ್ಚು. ಸರಕು ಬದಲಾಯಿತು, ಒಂದರ ಮೇಲಿನ ಅವಲಂಬನೆ ಹೆಚ್ಚೇನೂ ಸಡಿಲಲಿಲ್ಲ. ಹಾಗೆಂದು ಆ ಸಾಧನೆಯನ್ನು ಸಣ್ಣದೆನ್ನಲಾಗದು: ಲಕ್ಷಗಟ್ಟಲೆ ಹೆಣ್ಣುಮಕ್ಕಳ ಕೈಗೆ ಮೊದಲ ಸಂಬಳ ಬಂದದ್ದು ಅದರಿಂದಲೇ. 2013ರ ಏಪ್ರಿಲ್ 24ರಂದು ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ ಅದರ ಬೆಲೆಯನ್ನೂ ಲೋಕ ಕಂಡಿತು.

ಭಾರತ 1950ರ ಸುಮಾರಿಗೆ ಚಹಾ, ಸೆಣಬು, ಹತ್ತಿಬಟ್ಟೆ ಈ ಮೂರರಿಂದಲೇ ಸುಮಾರು ಅರ್ಧ ರಫ್ತು ಗಳಿಸುತ್ತಿತ್ತು. ಈಗ ಯಂತ್ರೋಪಕರಣ, ಪೆಟ್ರೋಲಿಯಂ ಉತ್ಪನ್ನ, ಔಷಧ, ವಜ್ರಾಭರಣ, ಎಲೆಕ್ಟ್ರಾನಿಕ್ಸ್ ಮುಂದಿವೆ. ಸಿದ್ಧ ಉಡುಪಿನ ಪಾಲು ಶೇಕಡಾ 4ರ ಆಸುಪಾಸು. ಸೂಚ್ಯಂಕ ನೋಡಿದರೆ ವೈವಿಧ್ಯದಲ್ಲಿ ಭಾರತವೇ ಮುಂದೆ.

ತಿರುಪ್ಪೂರಿನ ಪ್ರಶ್ನೆ

ಆದರೆ ಭಾರತದ ಹೆಣೆದ ಉಡುಪಿನ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಯಮತ್ತೂರಿಗೆ ಹತ್ತಿರದ ತಿರುಪ್ಪೂರಿನದು. ದೇಶಕ್ಕೆ ನೂರರಲ್ಲಿ ನಾಲ್ಕಾದದ್ದು ಆ ಊರಿಗೆ ಹೆಚ್ಚುಕಡಿಮೆ ಸರ್ವಸ್ವ. ಹೆಣೆದ ಉಡುಪು 2005ರವರೆಗೆ ಸಣ್ಣ ಕೈಗಾರಿಕೆಗೆ ಮೀಸಲಾಗಿದ್ದರಿಂದ ಅಲ್ಲಿ ನಿಟ್ಟಿಂಗ್, ಡೈಯಿಂಗ್, ಪ್ರಿಂಟಿಂಗ್, ಹೊಲಿಗೆ ಬೇರೆಬೇರೆ ಜಾಬ್‌ವರ್ಕ್ ಘಟಕಗಳಲ್ಲಿ ಹಂಚಿಹೋಗಿವೆ. 2011ರಲ್ಲಿ ನೊಯ್ಯಲ್ ನದಿಯ ಮಾಲಿನ್ಯಕ್ಕಾಗಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿದಾಗ ಉಳಿದ ಕೊಂಡಿಗಳೆಲ್ಲ ನಡುಗಿದವು. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಹೆಚ್ಚಿನ ಸರಕುಗಳ ಮೇಲೆ ಹೆಚ್ಚುವರಿ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗಲೂ ಅಷ್ಟೇ. ಸರಕಿನ ಸುಮಾರು ಮೂರನೆಯ ಒಂದು ಪಾಲು ಅಮೆರಿಕಕ್ಕೇ ಹೋಗುತ್ತಿದ್ದ ಆ ಊರಿಗೆ ದೇಶದ ಸರಾಸರಿ ಆಸರೆಯಾಗಲಿಲ್ಲ.

ಪಕ್ಕದ ಕೊಯಮತ್ತೂರಿನ ಅನುಭವ ಬೇರೆ. 1888ರ ಸ್ಟೇನ್ಸ್ ಮಿಲ್ಲಿನಿಂದ ಶುರುವಾದ ನೂಲಿನ ಊರು, 1932ರಲ್ಲಿ ಪೈಕಾರ ಜಲವಿದ್ಯುತ್ ಬಂದ ಮೇಲೆ ಮೋಟಾರು, ಪಂಪು, ಎರಕ, ಮಿಲ್ ಯಂತ್ರ, ವೆಟ್ ಗ್ರೈಂಡರ್ ಎಂದು ಕವಲೊಡೆಯಿತು. ಮಿಲ್ಲಿಗೆ ಬೇಕಾದ ರಿಪೇರಿಯ ಕೈಚಳಕವೇ ಹೊಸ ಉದ್ಯಮಗಳಿಗೆ ಬೇರಾಯಿತು.

ನನ್ನ ಮಾತು ಇಷ್ಟೇ. ರಫ್ತಿನ ವೈವಿಧ್ಯವನ್ನು ದೇಶದ ಮಟ್ಟದಲ್ಲಿ ಅಳೆದು ನಿಲ್ಲಬಾರದು. ಜಿಲ್ಲೆ ಜಿಲ್ಲೆಗೂ ಅಳೆಯಬೇಕು. ತಿರುಪ್ಪೂರು ಹತ್ತಿಯ ಜೊತೆ ಕೃತಕ ನೂಲನ್ನೂ, ಅಮೆರಿಕದ ಜೊತೆ ಬೇರೆ ಮಾರುಕಟ್ಟೆಗಳನ್ನೂ ಗಟ್ಟಿಮಾಡಿಕೊಳ್ಳಬೇಕು. ಎಲ್ಲಕ್ಕೂ ಮೊದಲು, ಹೊಲಿಗೆ ಯಂತ್ರದ ಮುಂದೆ ಕೂತ ಹುಡುಗಿಗೆ ಎರಡನೆಯ ಕಸುಬು ಕಲಿಯುವ ಅವಕಾಶ ಸಿಗಬೇಕು. ಆರ್ಡರು ನಿಂತ ತಿಂಗಳಲ್ಲೂ ಅವಳ ಮನೆಯ ಒಲೆ ಉರಿಯುವುದಾದರೆ, ಆಗ ನಮ್ಮ ರಫ್ತು ನಿಜವಾಗಿ ವೈವಿಧ್ಯದ್ದು ಎನ್ನೋಣ.