ಫ್ಯಾನ್ ತಿರುಗಿದರೆ ಸಾಕಾ?

ಇವತ್ತು ನನ್ನ ಕೈಯಲ್ಲಿ ಬ್ರೇಕಿಂಗ್ ನ್ಯೂಸ್ ಇಲ್ಲ, ಒಂದು ಊದಿನಕಡ್ಡಿ ಇದೆ. ಯಾಕೆ ಅಂತ ಹೇಳ್ತೀನಿ.

ನಾನು ಹುಬ್ಬಳ್ಳಿಯ ಕೇಶ್ವಾಪುರದ ಹುಡುಗ. ರೈಲ್ವೆ ವರ್ಕ್‌ಶಾಪಿನ ಊರಲ್ಲಿ ಬೆಳೆದವನಿಗೆ ಕಬ್ಬಿಣ, ವೆಲ್ಡಿಂಗು ಹೊಸದೇನಲ್ಲ. ಎಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪ್ ಕ್ಲಾಸು. ಒಂದು ಶೆಡ್ಡು, ಗೋಡೆ ಮೇಲೊಂದು ಎಕ್ಸಾಸ್ಟ್ ಫ್ಯಾನು. "ಸರ್, ಹೊಗಿ ಭಾಳ ಆಗೇತ್ರಿ" ಅಂದ್ವಿ. "ಫ್ಯಾನ್ ತಿರಗಾಕತ್ತೇತಲ್ಲ, ಇನ್ನೇನ್ ಬೇಕು?" ಅಂದ್ರು. ಸಂಜೆ ಮನೆಗೆ ಬಂದು ಮೂಗು ಸೀನಿದರೆ ಕರ್ಚೀಫ್ ಕಪ್ಪು.

ತಿರುಗೋದು ಬೇರೆ, ಎಳೆಯೋದು ಬೇರೆ. ಗೋಡೆಯ ಫ್ಯಾನ್ ಹೊಗೆಯನ್ನು ಎಳೆಯೋದು ನಮ್ಮ ಮುಖದ ಮುಂದಿನಿಂದಲೇ. ಹೊಗೆ ಹುಟ್ಟುವ ಜಾಗದ ಪಕ್ಕದಲ್ಲೇ ಪೈಪಿನ ಬಾಯಿ ಇರಬೇಕು. ಆ ಬಾಯಿಂದ ಅದರ ಅಗಲದಷ್ಟು ದೂರ ಸರಿದರೂ ಎಳೆತದ ವೇಗ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಬಡಗಿ ವಿಭಾಗದ ಡಸ್ಟ್ ಕಲೆಕ್ಟರ್ ಚೀಲ ತುಂಬಿದರೂ, ಪೈಪ್ ತೂತಾದರೂ ಮೋಟಾರಿನ ಸದ್ದು ಹಾಗೇ ಕೇಳಿಸುತ್ತೆ. ಅದಕ್ಕೇ ಟೆಸ್ಟ್ ಬೇಕು.

ಇದು ಬರೀ ಕೆಮ್ಮಿನ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲಿ, ವೆಲ್ಡಿಂಗ್ ಹೊಗೆಯನ್ನು 2017ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿನ ಹೊಗೆ ಇರುವ ಗುಂಪು ಅದೇ.

ಧೂಳು, ಹೊಗೆಯನ್ನು ಹುಟ್ಟುವ ಜಾಗದ ಹತ್ತಿರದಲ್ಲೇ ಎಳೆದು ಹೊರಹಾಕಿ ಅಂತ ನಮ್ಮ ಫ್ಯಾಕ್ಟರೀಸ್ ಆ್ಯಕ್ಟ್ 1948ರಲ್ಲೇ ಹೇಳಿತ್ತು. ಆದರೆ ಅದನ್ನು ಬರೆದದ್ದು ಕಾರ್ಖಾನೆಯ ಕೆಲಸಗಾರರಿಗಾಗಿ. ಅದೇ ಮಷಿನ್ ಮುಂದೆ ನಿಂತು ಕಲಿಯುವ ಹುಡುಗ ಕೆಲಸಗಾರ ಅಲ್ವಲ್ಲ! ಬ್ರಿಟನ್ನಿನಲ್ಲಿ ಇಂಥ ವ್ಯವಸ್ಥೆಯನ್ನು 14 ತಿಂಗಳೊಳಗೆ ಒಮ್ಮೆ ಪರೀಕ್ಷಿಸಲೇಬೇಕು. ಶಾಲೆಯ ವರ್ಕ್‌ಶಾಪಿಗೂ ವಿನಾಯಿತಿ ಇಲ್ಲ.

ಪೂರ್ಣ ಪರೀಕ್ಷೆಗೆ ಗಾಳಿಯ ವೇಗ ಅಳೆಯೋ ಅನಿಮೋಮೀಟರ್ ಬೇಕು, ತಿಳಿದವರು ಬೇಕು. ವೆಲ್ಡಿಂಗ್ ಜಾಗದಲ್ಲಿ ಸೆಕೆಂಡಿಗೆ ಕನಿಷ್ಠ ಅರ್ಧ ಮೀಟರ್ ಎಳೆತ ಸಿಗಬೇಕು. ಆದರೆ ಮೊದಲ ಸುಳಿವಿಗೆ ಈ ಊದಿನಕಡ್ಡಿ ಸಾಕು. ಕೆಲಸ ನಿಲ್ಲಿಸಿ, ಮರದ ಪುಡಿ, ಗ್ಯಾಸ್ ಸಿಲಿಂಡರ್ ದೂರ ಸರಿಸಿ, ಮೇಷ್ಟ್ರೇ ಹಚ್ಚಿ ವೆಲ್ಡಿಂಗ್ ಟೇಬಲ್ ಮೇಲೆ ಹಿಡೀಲಿ. ಹೊಗೆ ಪೈಪಿನ ಬಾಯಿಗೆ ಹೋದರೆ ಸಮಾಧಾನ. ಮುಖಕ್ಕೆ ಬಂದರೆ ಆ ವ್ಯವಸ್ಥೆ ಫೇಲ್.

ತಂದೆ-ತಾಯಂದಿರೇ, ಮಕ್ಕಳ ಐಟಿಐಗೋ ಪಾಲಿಟೆಕ್ನಿಕ್‌ಗೋ ಹೋದಾಗ ಪ್ಲೇಸ್‌ಮೆಂಟ್ ಬಗ್ಗೆ ಕೇಳ್ತೀರಿ, ಕೇಳಿ. ಜೊತೆಗೆ ಇದನ್ನೂ ಕೇಳಿ: ವರ್ಕ್‌ಶಾಪಿನ ಎಳೆತ ಕೊನೆಯ ಸಲ ಟೆಸ್ಟ್ ಮಾಡಿದ್ದು ಯಾವಾಗ? ಕಾಗದ ತೋರಿಸಿ ಅನ್ನಿ. ಫ್ಯಾನ್ ತೋರಿಸಿದರೆ ಒಪ್ಪಬೇಡಿ.