ಹೂವಿನ ಬಣ್ಣ, ಹೂವಿನ ಹೆಸರು
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಪಗಾರ, ಪಾಳಿ, ರಜೆಗಳ ಮಾತನ್ನೇ ನಮ್ಮಿಂದ ಕೇಳಿದ ನಿಮಗೆ ಈ ಹೊತ್ತಿನ ಹೂವಿನ ಮಾತು ಸೋಜಿಗವೆನಿಸಬಹುದು. ದುಡಿಯುವವನಿಗೆ ಹೂವಿನ ಗೊಡವೆ ಏಕೆ ಎನ್ನಬೇಡಿರಿ. ನಾವು ಹಳ್ಳಿಯಲ್ಲಿ ಬಿಟ್ಟು ಬಂದ ಸಂಪತ್ತಿನಲ್ಲಿ ಇದೂ ಒಂದು.

ಕರಾವಳಿಯಲ್ಲೂ ಮಲೆನಾಡಿನಲ್ಲೂ ಹಲಸು ಮಾವುಗಳ ಕೊಂಬೆಯಿಂದ ಮಳೆಗಾಲದ ಮೊದಲಿಗೆ ನರಿಯ ಬಾಲದಂತೆ ಇಳಿಬೀಳುವ ಸೀತಾಳೆದಂಡೆಯನ್ನು ನೋಡದವರು ಯಾರು? ಅದೇ ಆರ್ಕಿಡ್. ಅಸ್ಸಾಮಿನಲ್ಲಿ ಅದು ರಾಜ್ಯದ ಹೂ. ಬಿಹು ಹಬ್ಬಕ್ಕೆ ಹೆಂಗಸರು ಮುಡಿಯುತ್ತಾರೆ. ಅದನ್ನು ಬಂದಳಿಕೆಯೆಂದು ತಿಳಿಯುವುದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ; ಸೀತಾಳೆ ಮರವನ್ನು ಬರಿದೆ ಹಿಡಿದುಕೊಂಡು, ಮಳೆ, ಮಂಜು, ಗಾಳಿಗಳಿಂದ ಬದುಕುತ್ತದೆ. ಬಾಡಿಗೆಯ ಖೋಲಿಯಲ್ಲಿದ್ದು ಸ್ವಂತ ದುಡಿಮೆಯ ಅನ್ನ ಉಣ್ಣುವ ನಮ್ಮಂತೆಯೇ.

ಚಾಳಿನ ಗ್ಯಾಲರಿಯಲ್ಲೂ ಇದನ್ನು ಬೆಳೆಸಬಹುದು. ಮಣ್ಣು ಕೂಡದು, ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಮರದ ತುಂಡಿಗೆ ಕಟ್ಟಬೇಕು, ಇಲ್ಲವೆ ಪಟ್ಟಿಯ ಬುಟ್ಟಿಯಲ್ಲಿ ಇದ್ದಿಲ ಚೂರಿನ ಮೇಲೆ ಕೂರಿಸಬೇಕು. ಬೆಳಗಿನ ಎಳೆ ಬಿಸಿಲು, ಓಡಾಡುವ ಗಾಳಿ, ಬೆಳಿಗ್ಗೆ ನೀರು. ಚಳಿಗಾಲದಲ್ಲಿ ನೀರು ಕಡಿಮೆ. ಪದೇ ಪದೇ ಜಾಗ ಬದಲಿಸಿ ಬೇರು ಕೆದಕಬಾರದು.

ಇನ್ನು ಬಣ್ಣ. ಸೀತಾಳೆಯ ಹೂ ಬಿಳಿ; ಮೇಲೆ ನಸು ನೇರಳೆ ಚುಕ್ಕೆ, ತುಟಿಯಂಥ ಎಸಳು ಪೂರಾ ನೇರಳೆ. ಅಪರೂಪಕ್ಕೊಮ್ಮೆ ಚುಕ್ಕೆಯೇ ಇಲ್ಲದ ಅಚ್ಚ ಬಿಳಿ ಗೊಂಚಲು ಬರುತ್ತದೆ. ಇಂಥದನ್ನು ಬಲ್ಲವರು ಲ್ಯಾಟಿನ್ ಮಾತಿನಲ್ಲಿ ‘ಆಲ್ಬಾ’ ಎನ್ನುತ್ತಾರೆ. ದಕ್ಷಿಣ ಅಮೆರಿಕದ ಕ್ಯಾಟ್ಲಿಯಾ ಆರ್ಕಿಡ್‌ಗಳಲ್ಲಿ ಎಸಳು ಬಿಳಿಯಾಗಿ ತುಟಿಗೆ ಮಾತ್ರ ಬಣ್ಣವಿದ್ದರೆ ‘ಸೆಮಿ-ಆಲ್ಬಾ’. ನೀಲಿಗೆ ತಿರುಗಿದ್ದರೆ ‘ಸೆರುಲಿಯಾ’.

ಹೀಗೇಕಾಗುತ್ತದೆ? ಆರ್ಕಿಡ್ ಹೂವಿನ ನೇರಳೆಗೆ ಆಂಥೋಸಯನಿನ್ ಎಂಬ ದ್ರವ್ಯ ಕಾರಣ. ಗಿರಣಿಯಲ್ಲಿ ಹತ್ತಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಿ ಬಟ್ಟೆಯಾಗುವಂತೆ, ಅದು ಗಿಡದೊಳಗೆ ಹಂತ ಹಂತವಾಗಿ ತಯಾರಾಗುತ್ತದೆ. ಯಾವ ಒಂದು ಖಾತೆ ನಿಂತರೂ ಹೂ ಬಿಳಿ. ಒಂದು ಬಿಳಿ ಗಿಡದಲ್ಲಿ ನೂಲಿನ ಖಾತೆ, ಇನ್ನೊಂದರಲ್ಲಿ ಸಾಂಚಾ ಖಾತೆ ನಿಂತಿದ್ದರೆ, ಅವೆರಡನ್ನೂ ಕೂಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿ, ಮರಿಯ ಹೂವಿಗೆ ಬಣ್ಣ ಬರುತ್ತದೆ! ಆದ್ದರಿಂದ ತಾಯಿಗಿಡ ಆಲ್ಬಾ ಎಂದಮಾತ್ರಕ್ಕೆ ಬೀಜದ ಸಸಿಯೂ ಆಲ್ಬಾ ಎಂದು ನಂಬಿ ಹೆಚ್ಚು ಹಣ ತೆರಬೇಡಿರಿ. ಹೂ ನೋಡಿ ಕೊಳ್ಳಿರಿ.

ಹೆಸರಿಡುವುದಕ್ಕೂ ನಿಯಮವಿದೆ. ಬಿಸಿಲು, ಸೆಕೆ, ಹೂವಿನ ವಯಸ್ಸುಗಳಿಂದ ಬಣ್ಣ ಏರಿಳಿಯುತ್ತದೆ. ಆದಕಾರಣ ಎರಡು ಮೂರು ವರ್ಷದ ಹೂ ನೋಡಿಯೇ ಹೆಸರು ಹೇಳಬೇಕು. ಆರಿಸಿ ಬೆಳೆಸಿದ ಒಂದು ಗಿಡಕ್ಕೆ ಕೊಟ್ಟ ಸ್ವಂತ ಹೆಸರು ಅದರಿಂದಲೇ ಬೇರ್ಪಡಿಸಿದ ಕವಲಿಗೆ ಸಲ್ಲುತ್ತದೆ, ಬೀಜದ ಸಸಿಗೆ ಸಲ್ಲದು. 1959ರಿಂದೀಚೆಗೆ ಇಂಥ ಹೊಸ ಹೆಸರು ಲ್ಯಾಟಿನ್ನಿನಲ್ಲಿರಕೂಡದು. ಅಂದರೆ ಕನ್ನಡದ ಹೆಸರಿಗೂ ಬಾಗಿಲು ತೆರೆದಿದೆ.

ಇದು ಸಣ್ಣ ಮಾತಲ್ಲ. ಕ್ಯಾಟ್ಲಿಯಾ ಎಂಬುದು ಆ ಹೂವನ್ನು ಇಂಗ್ಲೆಂಡಿನ ಗಾಜಿನ ಮನೆಯಲ್ಲಿ ಅರಳಿಸಿದ ವಿಲಿಯಂ ಕ್ಯಾಟ್ಲಿ ಎಂಬ ವರ್ತಕನ ಹೆಸರು. ಬ್ರೆಜಿಲಿನ ಕಾಡಿನಲ್ಲಿ ಗಿಡ ಕಿತ್ತು ಹೊತ್ತ ಕೂಲಿಯ ಗುರುತು ಅದರಲ್ಲಿಲ್ಲ. ಹೋಟೆಲಿಗೆ ಸೇರಿದ ದಿನವೇ ಅಪ್ಪ ಅಮ್ಮ ಇಟ್ಟ ಹೆಸರು ಕಳೆದು ‘ಏ ಮಾಣಿ’ ಆದ ನಮಗೆ, ಹೆಸರಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನೋಡದೆ ಕೂಗಿದ್ದು ಹೆಸರಲ್ಲ. ನೋಡಿ, ಗುರುತಿಸಿ, ಕಾಪಾಡುತ್ತೇವೆಂದು ಒಪ್ಪಿ ಇಟ್ಟದ್ದೇ ಹೆಸರು.

ಕಡೆಯದಾಗಿ ಒಂದು ಬಿನ್ನಹ. ಮಳೆಗಾಲಕ್ಕೆ ಊರಿಗೆ ಹೋದಾಗ ಬಿಳಿ ಸೀತಾಳೆ ಕಂಡರೆ ಅದನ್ನು ಕೀಳಬೇಡಿರಿ. ಅಪರೂಪದ್ದೆಂದು ಕಿತ್ತರೆ ಅದು ಇಲ್ಲದ್ದೇ ಆಗುತ್ತದೆ. ಯಾವ ಮರ, ಯಾವ ತಿಂಗಳು, ಎಂಥ ಬಣ್ಣ ಎಂದು ಬರೆದು ತನ್ನಿರಿ. ಬೆಳೆಸುವುದಕ್ಕೆ ತೋಟದಲ್ಲಿ ಬೆಳೆಸಿ ಮಾರುವ ಗಿಡ ಸಾಕು. ಕಾಡಿನದು ಕಾಡಿನಲ್ಲೇ ಇರಲಿ.