ಸಹಕಾರಿ ಸಾಲ ಸಂಘದ ಸದಸ್ಯತ್ವ: ಪಡೆಯುವುದು ಮತ್ತು ಉಳಿಸಿಕೊಳ್ಳುವುದು
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ದೇವಾಲಯದ ನೂರು ವರ್ಷಗಳನ್ನು ಸ್ಮರಿಸುವ ವೇದಿಕೆಯಲ್ಲಿ ಸಾಲ ಉಳಿತಾಯಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಮೊಟ್ಟಮೊದಲ ಸಹಕಾರಿ ಸಾಲ ಸಂಘ, ಅವರು ಕ್ರೆಡಿಟ್ ಯೂನಿಯನ್ ಎಂದು ಕರೆಯುವ ಸಂಸ್ಥೆ, ಜನ್ಮ ತಳೆದದ್ದು ಒಂದು ಕಥೋಲಿಕ ಧರ್ಮಕೇಂದ್ರದಲ್ಲಿಯೇ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಮ್ಯಾಂಚೆಸ್ಟರ್ ನಗರದ ಸಂತ ಮೇರಿ ಧರ್ಮಕೇಂದ್ರದವರು ಬಹುಪಾಲು ಫ್ರೆಂಚ್ ಮಾತನಾಡುವ ಗಿರಣಿ ಕೆಲಸಗಾರರು, ಕೆನಡಾದಿಂದ ವಲಸೆ ಬಂದವರು. ಅವರ ವಿಚಾರಣಾ ಗುರುಗಳಾಗಿದ್ದ ಮಾನ್ಸಿಞೋರ್ ಪಿಯರ್ ಹೆವೆ 1908ರಲ್ಲಿ ಆಲ್ಫೋನ್ಸ್ ದೆಜಾರ್ದೆಯವರ ನೆರವಿನಿಂದ ಈ ಸಂಘವನ್ನು ಸ್ಥಾಪಿಸಿದರು. ದೆಜಾರ್ದೆಯವರು 1900ರಲ್ಲಿಯೇ ಕ್ವಿಬೆಕ್ಕಿನ ಲೆವಿಯಲ್ಲಿ ಇಂಥ ಜನನಿಧಿಯೊಂದನ್ನು ಸ್ಥಾಪಿಸಿದ್ದರು. ಅಲ್ಲಿಗೆ ಬಂದ ಮೊದಲ ಠೇವಣಿ ಹತ್ತು ಸೆಂಟು ಮಾತ್ರ!

ಅದೇ ಕಾಲದಲ್ಲಿ ಎಡ್ವರ್ಡ್ ಫಿಲೀನ್ ಎಂಬ ಬಾಸ್ಟನ್ನಿನ ವರ್ತಕರು 1907ರಲ್ಲಿ ನಮ್ಮ ದೇಶಕ್ಕೆ ಬಂದು, ಹಳ್ಳಿಗರ ಸಹಕಾರ ಸಂಘಗಳನ್ನು ಕಣ್ಣಾರೆ ಕಂಡು ಹೋಗಿ, ತಮ್ಮ ನಾಡಿನಲ್ಲಿ ಈ ಚಳವಳಿಗೆ ಬೆನ್ನೆಲುಬಾದರು. ಗದಗಿನ ಬಳಿಯ ಕಣಗಿನಹಾಳದಲ್ಲಿ ನಮ್ಮ ಸಂಘ ಹುಟ್ಟಿದ್ದು 1905ರಲ್ಲಿ, ಅದಕ್ಕಿಂತಲೂ ಮೊದಲೇ. ಮಂಗಳೂರಿನ ಕಥೋಲಿಕರು 1912ರಲ್ಲಿ ಕಟ್ಟಿದ ಸಂಸ್ಥೆಯೇ ಇಂದಿನ ಎಂ.ಸಿ.ಸಿ. ಬ್ಯಾಂಕು.

ಇನ್ನು ಅರ್ಹತೆಯ ವಿಚಾರ. ಬ್ಯಾಂಕಿಗೆ ಯಾರು ಬೇಕಾದರೂ ಗ್ರಾಹಕರಾಗಬಹುದು. ಸಾಲ ಸಂಘಕ್ಕೆ ಹಾಗಲ್ಲ. ಸದಸ್ಯರ ನಡುವೆ ಯಾವುದಾದರೊಂದು ಸಮಾನ ನಂಟು ಇರತಕ್ಕದ್ದು. ಭಾರತದ 1904ರ ಕಾಯಿದೆ ಇದನ್ನು ಸ್ಪಷ್ಟವಾಗಿ ವಿಧಿಸಿತ್ತು. ಹದಿನೆಂಟು ವರ್ಷ ದಾಟಿದ ಹತ್ತು ಮಂದಿ ಬೇಕು; ಅವರು ಒಂದೇ ಊರು ಅಥವಾ ಒಂದೇ ಗ್ರಾಮಸಮೂಹದವರಾಗಿರಬೇಕು, ಇಲ್ಲವೇ ರಿಜಿಸ್ಟ್ರಾರರ ಒಪ್ಪಿಗೆಯಿಂದ ಒಂದೇ ವರ್ಗ, ಬುಡಕಟ್ಟು ಅಥವಾ ಜಾತಿಗೆ ಸೇರಿದವರಾಗಿರಬೇಕು. ಹೊರಗಿನವರನ್ನು ದೂರವಿಡುವ ಸಂಕುಚಿತ ಬುದ್ಧಿಯಿಂದ ಹುಟ್ಟಿದ ನಿಯಮವಿದು ಎಂದು ನನಗೆ ತೋರುವುದಿಲ್ಲ. ಅಡವಿಡಲು ಒಡವೆಯಾಗಲಿ ಹೊಲವಾಗಲಿ ಇಲ್ಲದವನಿಗೆ ನೆರೆಯವರ ಪರಿಚಯವೇ ಜಾಮೀನು. ಅವನು ದುಡಿಯುವವನೇ, ಕುಡಿಯುವವನೇ, ಮಾತಿಗೆ ನಿಲ್ಲುವವನೇ ಎಂಬುದು ದೂರದ ಅಧಿಕಾರಿಗಿಂತ ಪ್ರತಿ ಭಾನುವಾರ ಪಕ್ಕದಲ್ಲಿ ಮೊಣಕಾಲೂರುವವನಿಗೆ ಚೆನ್ನಾಗಿ ಗೊತ್ತು. ಅಂದಿನ ಗ್ರಾಮೀಣ ಸಂಘಗಳಲ್ಲಿ ಹೊಣೆಗಾರಿಕೆಗೆ ಮಿತಿಯೇ ಇರಲಿಲ್ಲ. ಒಬ್ಬನು ತೀರಿಸದ ಸಾಲ ಎಲ್ಲರ ತಲೆಯ ಮೇಲೆ ಬರುತ್ತಿತ್ತು. ಅಂದ ಮೇಲೆ ಯಾರನ್ನು ಸೇರಿಸಿಕೊಳ್ಳಬೇಕೆಂಬ ಪ್ರಶ್ನೆ ಜೀವನ್ಮರಣದ ಪ್ರಶ್ನೆಯೇ ಆಗಿತ್ತು.

ಅಮೆರಿಕದಲ್ಲಿಯೂ 1934ರ ಕಾಯಿದೆ ಈ ನಂಟನ್ನೇ ಆಧಾರವಾಗಿಸಿತು: ಒಂದೇ ಉದ್ಯೋಗ, ಒಂದೇ ಸಂಸ್ಥೆ, ಒಂದೇ ನೆರೆಹೊರೆ. ಧರ್ಮಕೇಂದ್ರವೂ ಈ ನಂಟಿಗೆ ಸಲ್ಲುತ್ತದೆ. ಮುಂದೆ ನಂಟಿನ ಎಲ್ಲೆಯನ್ನು ಸಡಿಲಿಸಿ, ಒಂದಕ್ಕೊಂದು ಸಂಬಂಧವಿಲ್ಲದ ಗುಂಪುಗಳನ್ನು ಒಂದೇ ಸಂಘಕ್ಕೆ ಸೇರಿಸಲಾಯಿತು. ಬ್ಯಾಂಕುಗಳು ದಾವೆ ಹೂಡಿದವು. 1998ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಬ್ಯಾಂಕುಗಳ ಪರವಾಗಿ ತೀರ್ಪಿತ್ತಿತು. ಅದೇ ವರ್ಷದ ಆಗಸ್ಟಿನಲ್ಲಿ ಹೊಸ ಕಾನೂನು ಬಂದು, ಅಂಥ ಸಂಘಗಳಿಗೆ ಷರತ್ತುಗಳೊಡನೆ ಮಾನ್ಯತೆ ದೊರೆಯಿತು. ನಂಟು ಸಡಿಲವಾದಷ್ಟೂ ಸಂಘ ಬೆಳೆಯುತ್ತದೆ, ಪರಿಚಯ ತೆಳುವಾಗುತ್ತದೆ. ಎರಡನ್ನೂ ತೂಗಿ ನೋಡಬೇಕಾದವರು ಸದಸ್ಯರೇ.

ಸೇರುವುದು ಸುಲಭ: ಅರ್ಜಿ, ಪ್ರವೇಶ ಶುಲ್ಕ, ಕನಿಷ್ಠ ಒಂದು ಷೇರು. ಹತ್ತು ಷೇರಿದ್ದರೂ ನೂರಿದ್ದರೂ ಮತ ಮಾತ್ರ ಒಂದೇ. ಸೇರಿದ ಮೇಲೆ ಉಳಿಯುವ ವಿಷಯದಲ್ಲಿಯೇ ನಮ್ಮವರು ಎಡವುವುದು. ಮಗಳ ಮದುವೆಗೋ ಮಗನ ಪ್ರಯಾಣಕ್ಕೋ ಹಣ ಬೇಕಾದಾಗ ಕಡೆಯ ಷೇರನ್ನೂ ಹಿಂತೆಗೆದುಕೊಳ್ಳುವವರಿದ್ದಾರೆ. ಅದರೊಡನೆ ಸದಸ್ಯತ್ವವೂ ಹೋಗುತ್ತದೆ. ಮರುವರ್ಷ ಮನೆಯಲ್ಲಿ ಕಾಯಿಲೆ ಬಂದಾಗ ಸಾಲ ಕೇಳುವ ಹಕ್ಕೂ ಇಲ್ಲ, ಮತ ಹಾಕುವ ಹಕ್ಕೂ ಇಲ್ಲ. ಅಷ್ಟು ಚಿಕ್ಕ ಮೊತ್ತಕ್ಕೆ ಇಷ್ಟು ದೊಡ್ಡ ಬೆಲೆ! ಹಾಗೆ ಹೊರಬಂದವನ ಹೊಣೆಯೂ ಅಂದೇ ಕಳಚುತ್ತಿರಲಿಲ್ಲ. ಅವನು ಬಿಡುವಾಗ ಸಂಘಕ್ಕಿದ್ದ ಸಾಲಗಳಿಗೆ ಎರಡು ವರ್ಷ ಅವನೂ ಬಾಧ್ಯನೆಂದು 1912ರ ಭಾರತೀಯ ಕಾಯಿದೆ ಹೇಳಿತ್ತು.

ಊರು ಬಿಟ್ಟವರ ಗತಿಯೇನು? ಅಮೆರಿಕದ ಕ್ರೆಡಿಟ್ ಯೂನಿಯನ್ನುಗಳಲ್ಲಿ ಸಾಮಾನ್ಯವಾಗಿ ಒಮ್ಮೆ ಸದಸ್ಯನಾದವನು, ಉದ್ಯೋಗ ಬಿಟ್ಟರೂ ನೆಲೆ ಬದಲಿಸಿದರೂ, ಷೇರು ಉಳಿಸಿಕೊಂಡಿರುವ ತನಕ ಸದಸ್ಯನೇ. ನಮ್ಮಲ್ಲಿ ಪ್ರತಿ ಸಂಘದ ಉಪವಿಧಿಯೇ ಇದಕ್ಕೆ ಉತ್ತರ ಹೇಳಬೇಕು. ಬೆಂಗಳೂರಿಗೋ ಕೊಲ್ಲಿ ನಾಡಿಗೋ ಹೊರಡುವವರು ಪೆಟ್ಟಿಗೆ ಕಟ್ಟುವ ಮೊದಲು ಅದನ್ನು ಓದಿಕೊಳ್ಳುವುದು ಲೇಸು. ಸದಸ್ಯನನ್ನು ಹೊರಹಾಕುವ ಬಗೆಗೂ ಅವರ ಕಾನೂನು ಬಹುಕಾಲ ಅತಿ ಎಚ್ಚರ ವಹಿಸಿತ್ತು. ವಿಶೇಷ ಸಭೆ ಕರೆದು, ಆತನ ಮಾತು ಕೇಳಲು ಅವಕಾಶವಿತ್ತು, ಸಭೆಯಲ್ಲಿದ್ದ ಸದಸ್ಯರ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಮಾತ್ರ ಉಚ್ಚಾಟನೆ. 2022ರ ತಿದ್ದುಪಡಿ ಸಕಾರಣವಿದ್ದಲ್ಲಿ ಆಡಳಿತ ಮಂಡಳಿಗೂ ಈ ಅಧಿಕಾರಕ್ಕೆ ದಾರಿ ಮಾಡಿತು. ಮಂಡಳಿಯ ಕೆಲವೇ ಮಂದಿಯ ಕೈಗೆ ಇಂಥ ಅಧಿಕಾರ ಬರುವುದು ನನಗೆ ಅಷ್ಟಾಗಿ ಹಿತವೆನಿಸುವುದಿಲ್ಲ. ಸಾಲ ತೀರಿಸದಿರುವುದು ಬೇರೆ, ಮಂಡಳಿಯವರಿಗೆ ಅಪ್ರಿಯನಾಗಿರುವುದು ಬೇರೆ.

ಕಡೆಯದಾಗಿ, ಮನೆಗೆ ಹೋದೊಡನೆ ನಿಮ್ಮ ಪಾಸ್ ಪುಸ್ತಕವನ್ನು ತೆಗೆದು ನೋಡಿ. ವಿಳಾಸ ಈಗಿನದೇ? ಮಹಾಸಭೆಯ ತಿಳಿವಳಿಕೆ ಪತ್ರ ಹಳೆಯ ಮನೆಗೆ ಹೋಗುತ್ತಿಲ್ಲವಷ್ಟೆ? ನಾಮನಿರ್ದೇಶನದ ಅಂಕಣದಲ್ಲಿ ತೀರಿಕೊಂಡವರ ಹೆಸರೇ ಇದ್ದರೆ, ಬರುವ ವಾರವೇ ಕಾರ್ಯದರ್ಶಿಗಳಿಂದ ಹೊಸ ನಮೂನೆ ಪಡೆದು ತುಂಬಿಸಿಕೊಡಿ.